ಐಲೀನಳ ಕಾರನ್ನು ಗೇರಿನಲ್ಲಿ ಬಿಟ್ಟವರು

ಮೆರ್ವಿನ್ ಪ್ರಿಸ್ತೂಪಾನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಕೆನಡಾದ ಸಸ್ಕಾಚೆವಾನಿನ ಕಾನೋರಾ ಊರಲ್ಲಿ, ಟ್ರ್ಯಾಕ್ಟರ್ ಅಂಗಡಿಯೊಂದರ ಬಿಡಿಭಾಗದ ಕೌಂಟರಿನ ಹಿಂದೆ ಮೂವತ್ತನಾಲ್ಕು ವರ್ಷ ನಿಂತವನು. ಯಾವ ಬೋಲ್ಟಿಗೆ ಯಾವ ನಂಬರು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಆ ಬೋಲ್ಟನ್ನು ಹಾಕಿ ಬಿಗಿ ಮಾಡಿದವರು ಮಾತ್ರ ಯಾವತ್ತೂ ಬೇರೆಯವರೇ. ನಿವೃತ್ತಿಯಾದ ಮೇಲೆ ಹನ್ನೊಂದು ಮೀಟರ್ ಉದ್ದದ, ಒಳಗೇ ಅಡುಗೆಮನೆ ಹಾಸಿಗೆ ಎಲ್ಲ ಇರುವ ಮೋಟಾರ್‌ಹೋಮ್ ಕೊಂಡ. ಅದರ ಹಿಂದೆ ಹೆಂಡತಿಯ ಪುಟ್ಟ ಕಾರನ್ನು ಕಟ್ಟಿಕೊಂಡು ಪ್ರತಿ ನವೆಂಬರಿಗೂ ಹಿಮ ಬಿಟ್ಟು ಮೆಕ್ಸಿಕೋದ ಲಾ ಪೆನ್ಯೀತಾಕ್ಕೆ, ಸಮುದ್ರದ ದಡಕ್ಕೆ ಇಳಿಯತೊಡಗಿದ. ಅಲ್ಲಿಯ ಮೋಟಾರ್‌ಹೋಮ್ ಪಾರ್ಕಿನಲ್ಲಿ ಇಂಥ ನಲವತ್ತು ಗಾಡಿ ನಿಲ್ಲುತ್ತಿದ್ದವು. ಅರ್ಧಕ್ಕರ್ಧ ಕೆನಡಾದವರೇ. ಮಾತು ಕೇಳುವುದಕ್ಕೆ ಅಷ್ಟು ಜನ ಸಿಕ್ಕಮೇಲೆ ಮೆರ್ವಿನನಿಗೆ ಇನ್ನೇನು ಬೇಕು?

ಹೆಂಡತಿಯ ಹೆಸರು ಐಲೀನ್. ಕಥೆ ಅವಳದೇ. ಮತ್ತೆ ಗಂಡನಿಂದ ಶುರುವಾಯಿತಲ್ಲ ಅಂದರೆ, ಅವಳ ಬದುಕು ಇದ್ದದ್ದೇ ಹಾಗೆ. ಎಲ್ಲಿ ಹೋದರೂ ಮೊದಲು ಬಾಯಿ ಬಿಡುತ್ತಿದ್ದವನು ಅವನು.

ಅವಳು ಹದಿಮೂರಕ್ಕೇ ಅಪ್ಪನ ಗೋಧಿ ಲಾರಿ ಓಡಿಸಿದವಳು. ಪೆಡಲಿಗೆ ಕಾಲು ಎಟುಕದೆ ಬೆನ್ನಿಗೆ ದಿಂಬು ಕೊಟ್ಟುಕೊಂಡು ಹೊಲದಿಂದ ಗೋದಾಮಿಗೆ ಹೋಗಿ ಬರುತ್ತಿದ್ದಳು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಶಾಲೆಯ ಬಸ್ಸಿಗೆ ಡ್ರೈವರಾದಳು. ಇಪ್ಪತ್ತಾರು ವರ್ಷ. ಜಲ್ಲಿ ರಸ್ತೆ, ಅದರ ಮೇಲೆ ಮಂಜುಗಡ್ಡೆ, ಬೆಳಗ್ಗೆ ಏಳಕ್ಕೆ ಕತ್ತಲು, ಹಿಂದೆ ನಲವತ್ತು ಮಕ್ಕಳ ಗಲಾಟೆ. ಒಂದು ಸಲ ಹಿಮದ ಬಿರುಗಾಳಿಯಲ್ಲಿ ಮುಂದಿನ ಗಾಜಿನಾಚೆ ಏನೂ ಕಾಣದಾದಾಗ, ಬೇಲಿಯ ಕಂಬ ಎಣಿಸಿಕೊಂಡು ಬಸ್ಸನ್ನು ಒಬ್ಬರ ಅಂಗಳಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿ, ಹತ್ತೊಂಬತ್ತು ಮಕ್ಕಳನ್ನು ಆ ಮನೆಯ ಅಡುಗೆಕೋಣೆಗೆ ಸೇರಿಸಿದ್ದಳು. ಇಷ್ಟೂ ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬಿದ್ದದ್ದಿಲ್ಲ. ಓದು ಹತ್ತನೇ ಕ್ಲಾಸಿಗೆ ನಿಂತಿತ್ತು, ಹಾಡು ಬರುತ್ತಿರಲಿಲ್ಲ, ನಾಲ್ಕು ಜನರ ಮುಂದೆ ಮಾತಾಡುವುದಕ್ಕೆ ನಾಚಿಕೆ. ಆದರೆ ಐಲೀನ್ ಗಾಡಿ ಓಡಿಸಿದರೆ ನಿಶ್ಚಿಂತೆ ಎಂದು ಆ ಜಿಲ್ಲೆಯ ತಾಯಂದಿರೆಲ್ಲ ಹೇಳುತ್ತಿದ್ದರು. ತನ್ನದು ಅಂತ ಅವಳಿಗಿದ್ದದ್ದು ಆ ಒಂದು ಹೆಸರು. ಕೆಲಸ ಬಿಟ್ಟ ದಿನ ತನ್ನ ಸ್ವಂತ ದುಡ್ಡಿನಲ್ಲಿ ಕೊಂಡ ಹಸಿರು ಬಣ್ಣದ ಪುಟ್ಟ ಕಾರು ಎರಡನೆಯದು.

ಇಂಥವಳ ಕೈಗೆ ಮೆರ್ವಿನ್ ಮೋಟಾರ್‌ಹೋಮಿನ ಸ್ಟೀರಿಂಗ್ ಒಂದು ದಿನವೂ ಕೊಟ್ಟವನಲ್ಲ. ಬಸ್ಸು ಬೇರೆ, ಇದು ಬೇರೆ ಎನ್ನುತ್ತಿದ್ದ. ಏನು ಬೇರೆ ಅಂತ ಕೇಳಿದರೆ, ಹೇಳಿದರೂ ನಿನಗೆ ಅರ್ಥವಾಗುವುದಿಲ್ಲ ಎನ್ನುತ್ತಿದ್ದ. ಜೀವಮಾನದಲ್ಲಿ ಟ್ರ್ಯಾಕ್ಟರಿನ ಸೀಟಿಗಿಂತ ಕೌಂಟರಿನ ಸ್ಟೂಲನ್ನೇ ಹೆಚ್ಚು ಸವೆಸಿದ ಮಹಾಶಯನ ಮಾತು ಇದು.

ಇನ್ನು ಹಿಂದಿನ ಕಾರು ಕಟ್ಟುವ ಸಂಭ್ರಮ ನೋಡಬೇಕಿತ್ತು. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸ. ಮೋಟಾರ್‌ಹೋಮಿನ ಹಿಂಬದಿಯ ಎರಡು ಸರಳನ್ನು ಕಾರಿನ ಮೂತಿಗೆ ಸೇರಿಸಿ ಪಿನ್ನು ಹಾಕಬೇಕು, ಸರಪಳಿ ಕಟ್ಟಬೇಕು, ಲೈಟಿನ ತಂತಿ ಸಿಕ್ಕಿಸಬೇಕು. ಕಟ್ಟುವ ತನಕ ಕಾರು ಉರುಳದಿರಲಿ ಅಂತ ಗೇರಿನಲ್ಲಿ ಇಟ್ಟಿರುತ್ತಾರಲ್ಲ, ಕೊನೆಗೆ ಅದನ್ನು ನ್ಯೂಟ್ರಲ್ಲಿಗೆ ತಂದರೆ ಆಯಿತು, ನಾಲ್ಕು ಚಕ್ರದ ಮೇಲೆ ಅದರಷ್ಟಕ್ಕೆ ಹಿಂದೆ ಬರುತ್ತದೆ. ಮೆರ್ವಿನನಿಗೆ ಇದೊಂದು ಯಜ್ಞ. ಹದಿನಾಲ್ಕು ಅಂಶಗಳ ಪಟ್ಟಿ ಮಾಡಿ ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ್ದ. ಕಾರನ್ನು ಬೇರೆ ಯಾರೂ ಮುಟ್ಟಕೂಡದು, ಹೆಂಡತಿಯಂತೂ ಮುಟ್ಟಲೇಕೂಡದು. ಅವಳ ಕೆಲಸ ಪಟ್ಟಿ ಮುಗಿದ ಮೇಲೆ ಕಾರಿನ ಹಿಂದೆ ನಿಂತು, ಅವನು ಒಳಗಿಂದ ಸ್ವಿಚ್ಚು ಒತ್ತಿದಂತೆಲ್ಲ ಎಡ, ಬಲ, ಬ್ರೇಕು ಅಂತ ಕೂಗಿ ಹೇಳುವುದು. ಹಿಮದಲ್ಲಿ ಬಸ್ಸು ಹಿಂದೆ ತೆಗೆದವಳು ಹದಿನೇಳು ಚಳಿಗಾಲ ಕೆಂಪು ಲೈಟು ನೋಡಿಕೊಂಡು ನಿಂತಳು.

ಪಾರ್ಕಿನಲ್ಲೂ ಅವನದೇ ದರ್ಬಾರು. ಹೊಸಬರ ಗಾಡಿ ಬಂತು ಅಂದರೆ ಸಾಕು, ಅವರು ಇಳಿದು ಮುಖ ತೊಳೆಯುವುದರೊಳಗೆ ಇವನು ಅವರ ಹಿಂದಿನ ಕಾರಿನ ಹತ್ತಿರ ಮಂಡಿಯೂರಿ ಕೂತಿರುತ್ತಿದ್ದ. ಪಿನ್ನು ಸರಿಯಿಲ್ಲ, ಸರಪಳಿ ಉದ್ದವಾಯಿತು, ಇದನ್ನು ನಿಮಗೆ ಮಾರಿದವನು ಯಾರು. ಪ್ರತಿ ಸೋಮವಾರ ಬೆಳಗ್ಗೆ ಪಾಠ ಬೇರೆ. ಜನ ಮುಖದ ಮೇಲೆ ನಕ್ಕು ಕೇಳಿಸಿಕೊಳ್ಳುತ್ತಿದ್ದರು. ದೂರದ ಊರಲ್ಲಿ ಐದು ತಿಂಗಳು ಒಟ್ಟಿಗೆ ಇರಬೇಕಾದವರು ಯಾರ ಬಾಯಿಗೂ ಅಡ್ಡ ಹೋಗುವುದಿಲ್ಲ. ಅದು ಅಲ್ಲಿಯ ಸಭ್ಯತೆ.

ಹದಿನೇಳನೇ ವರ್ಷ ಇಳಿಯುವಾಗ ಆ ಅನಾಹುತ ಆಯಿತು. ಮೆಕ್ಸಿಕೋ ಒಳಗೆ ಒಬ್ಬರ ಹೆಸರಿಗೆ ಒಂದೇ ವಾಹನಕ್ಕೆ ಪರವಾನಗಿಯ ಕಾಗದ ಕೊಡುತ್ತಾರೆ. ಆದ್ದರಿಂದ ಮೋಟಾರ್‌ಹೋಮ್ ಅವನ ಹೆಸರಿಗೆ, ಕಾರು ಅವಳ ಹೆಸರಿಗೆ. ಯಾರ ಹೆಸರಿನಲ್ಲಿ ಒಳಗೆ ಬಂತೋ ಅವರೇ ಅದನ್ನು ವಾಪಸು ಹೊರಗೆ ಒಯ್ಯಬೇಕು. ಗಡಿ ದಾಟಿ ಇಪ್ಪತ್ತು ಕಿಲೋಮೀಟರಿಗೆ ಕಾಗದದ ಕಚೇರಿ. ಮೋಟಾರ್‌ಹೋಮಿಗೆ ಒಮ್ಮೆಗೇ ಹತ್ತು ವರ್ಷದ ಕಾಗದ, ಅವನದಕ್ಕೆ ಇನ್ನೂ ವರ್ಷಗಳಿದ್ದವು, ಅವಳ ಕಾರಿನದು ಪ್ರತಿ ಸಲ ಹೊಸದಾಗಿ ಆಗಬೇಕು. ಐಲೀನ್ ಒಳಗೆ ಸಾಲಿನಲ್ಲಿ ನಿಂತಳು.

ಅವಳು ಒಳಗಿದ್ದಾಗ ಹೊರಗಿನ ಕಾವಲಿನವನು ಗಾಡಿ ಸ್ವಲ್ಪ ಮುಂದೆ ತೆಗೆಯಿರಿ ಎಂದ. ಸರ್ವಜ್ಞನಲ್ಲವೇ ನಮ್ಮ ಮೆರ್ವಿನ್, ಫಲಕ ಓದದೆ ನೇರ ಹೋಗಿ ಸಣ್ಣ ಕಾರುಗಳ ಓಣಿಯೊಳಗೆ ತೂರಿಸಿದ. ಮುಂದೆ ಗೋಡೆ. ಹಿಂದೆ ಕಾರು ಕಟ್ಟಿದ ಗಾಡಿ ಹಿಂದಕ್ಕೆ ಬರುವುದಿಲ್ಲ, ಎರಡು ಅಡಿ ತಳ್ಳಿದರೂ ಸರಳು ಸೊಟ್ಟಗಾಗುತ್ತದೆ. ಅವನೇ ಪ್ರತಿ ಸೋಮವಾರ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದ ವಿಷಯ ಅದು. ಕಾರು ಬಿಚ್ಚಿದ. ಅದನ್ನು ಹೊರಗೆ ತಂದ, ಗಾಡಿ ಹೊರಗೆ ತಂದ, ಮತ್ತೆ ಕಟ್ಟಿದ. ಹಿಂದಿದ್ದ ಏಳೆಂಟು ಗಾಡಿಯವರು ಒಟ್ಟಿಗೆ ಹಾರ್ನು ಬಾರಿಸುತ್ತಿದ್ದರು. ಹದಿನಾಲ್ಕು ಅಂಶಗಳ ಪಟ್ಟಿ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೇ ಇತ್ತು. ಅವಮಾನದಲ್ಲಿ ಕಿವಿ ಕೆಂಪಾದ ಮನುಷ್ಯ ಹದಿಮೂರರ ತನಕ ಮಾಡಿದ, ಹದಿನಾಲ್ಕನೆಯದು ಮಾಡಲಿಲ್ಲ. ಕಾರು ಎರಡನೇ ಗೇರಿನಲ್ಲೇ ಉಳಿಯಿತು.

ಐಲೀನ್ ಕಾಗದ ಹಿಡಿದು ಬಂದಾಗ ಅವನು ಎಂಜಿನ್ ಚಾಲೂ ಮಾಡಿಕೊಂಡು ಸೀಟಿನಲ್ಲಿ ಕೂತಿದ್ದ. ಅವಳು ರೂಢಿಯಂತೆ ಹಿಂದಕ್ಕೆ ಹೋಗಿ ನಿಂತಳು. ಅವನು ಹಾರ್ನು ಹೊಡೆದು, ಲೈಟೂ ಬೇಡ ಏನೂ ಬೇಡ, ಹತ್ತು ಎಂದ.

ಹತ್ತಿದವಳು ಕೇಳಿದಳು: "ಬಿಚ್ಚಿ ಕಟ್ಟಿದ ಹಾಗಿದೆ. ನ್ಯೂಟ್ರಲ್‌ಗೆ ಹಾಕಿದ್ಯಾ?"

"ಹದಿನೇಳು ವರ್ಷ ಆಯ್ತು ಕಣೇ ನಾನು ಇದನ್ನ ಮಾಡ್ತಾ. ನೀನು ನನಗೆ ಹೇಳಿಕೊಡ್ತೀಯಾ?"

ಅವಳು ಸೀಟಿನ ಪಟ್ಟಿ ಬಿಗಿದುಕೊಂಡಳು. ನಲವತ್ತು ಕಿಲೋಮೀಟರ್ ಹೋದಮೇಲೆ ಲಾರಿಯವನೊಬ್ಬ ಪಕ್ಕಕ್ಕೆ ಬಂದು ಕೈ ಹೊರಗೆ ಚಾಚಿ ಹಿಂದೆ ಹಿಂದೆ ಎಂದು ತೋರಿಸಿದ. ಇಳಿದು ನೋಡಿದರೆ ಕಾರಿನ ಮೂತಿಯಿಂದ ಹೊಗೆ. ಅಷ್ಟು ದೂರವೂ ಚಕ್ರಗಳು ಎಂಜಿನ್ನನ್ನು ಬಲವಂತದಿಂದ ತಿರುಗಿಸಿ ತಿರುಗಿಸಿ ಒಳಗಿದ್ದದ್ದನ್ನೆಲ್ಲ ಅರೆದು ಹಾಕಿದ್ದವು. ಹತ್ತಿರದ ಊರಿನ ಮೆಕ್ಯಾನಿಕ್ ಬಾನೆಟ್ ತೆಗೆದು ಮೂಸಿದ, ಒಳಗೆ ಬಗ್ಗಿ ಗೇರು ನೋಡಿದ, ಮೆರ್ವಿನನ ಮುಖ ನೋಡಿದ. ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ತಾನೇ ಗೇರನ್ನು ನ್ಯೂಟ್ರಲ್ಲಿಗೆ ತಂದು ಕೈ ಒರೆಸಿಕೊಂಡ. ಸತ್ತ ಕಾರನ್ನೂ ಎಳೆಯಬಹುದು, ಎಳೆಯುವುದಕ್ಕೆ ಎಂಜಿನ್ ಬೇಕಿಲ್ಲ. ಬಿಟ್ಟು ಹೋಗೋಣವೆಂದರೆ ಅವಳ ಹೆಸರಿನ ಕಾಗದ ಬಿಡುವುದಿಲ್ಲ. ಹಾಗಾಗಿ ಹೆಣವನ್ನು ಹಿಂದೆ ಕಟ್ಟಿಕೊಂಡೇ ಎರಡು ದಿನ ದಕ್ಷಿಣಕ್ಕೆ ಹೋದರು.

ದಾರಿಯುದ್ದಕ್ಕೂ ಮೆರ್ವಿನ್ ಮಾತಾಡಲಿಲ್ಲ. ಐಲೀನಳಿಗೆ ಕಾರಿನ ಸಂಕಟ ಒಂದು ಕಡೆ, ಇನ್ನಾದರೂ ಇವನ ಜಂಬ ಇಳಿದೀತು ಎಂಬ ಸಣ್ಣ ಆಸೆ ಒಂದು ಕಡೆ. ಮೂರ್ಖಳು ಅವಳೂ ಸ್ವಲ್ಪ. ನಲವತ್ತೈದು ವರ್ಷ ಸಂಸಾರ ಮಾಡಿ ಗಂಡ ಎಂಥವನು ಅಂತ ಇನ್ನೂ ತಿಳಿದಿರಲಿಲ್ಲ. ಅವನು ಸುಮ್ಮನಿದ್ದದ್ದು ನಾಚಿಕೆಯಿಂದಲ್ಲ, ಕಥೆ ಹೊಸೆಯುತ್ತಿದ್ದ.

ಪಾರ್ಕು ಮುಟ್ಟಿದ ದಿನ ಎಲ್ಲರೂ ಬಂದು ಸುತ್ತ ನಿಂತರು. ಪಕ್ಕದ ಜಾಗದ ನಾರ್ಮಾಂ, ಕ್ಯುಬೆಕ್ಕಿನವನು, ಕಾರಿನ ಮೂತಿ ನೋಡಿ ಏನಾಯಿತು ಎಂದು ಕೇಳಿದ. ಐಲೀನ್ ಎಲ್ಲರಿಗೂ ಕೊಡಲೆಂದು ಬಿಸ್ಕತ್ತಿನ ತಟ್ಟೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಮೆರ್ವಿನ್ ನಿಟ್ಟುಸಿರು ಬಿಟ್ಟ.

"ಏನು ಹೇಳಲಿ. ಗಡಿಯ ಹತ್ತಿರ ಅವಸರ ಇತ್ತು, ಕೊನೇದೊಂದು ಐಲೀನ್‌ಗೆ ಬಿಟ್ಟೆ. ಗೇರಲ್ಲೇ ಬಿಟ್ಟುಬಿಟ್ಟಿದಾಳೆ, ಪಾಪ."

ಗೂಬೆಯನ್ನು ತಂದು ಅವಳ ತಲೆಯ ಮೇಲೆ ಕೂರಿಸಿದ್ದಲ್ಲದೆ, ಪಾಪ ಎಂದು ಅದಕ್ಕೊಂದು ಹೂವೂ ಮುಡಿಸಿದ. ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ನಾರ್ಮಾಂನ ಹೆಂಡತಿ ಜಿಸೆಲ್ ಬಂದು ಭುಜ ಒತ್ತಿ, ಇರಲಿ ಬಿಡು ಎಂದಳು. ಅಷ್ಟು ಜನರ ಮುಂದೆ ಗಂಡ ಸುಳ್ಳ ಎನ್ನುವುದಕ್ಕೆ ಐಲೀನಳಿಗೆ ನಾಲಿಗೆ ಏಳಲಿಲ್ಲ. ಬಿಸ್ಕತ್ತು ಹಂಚಿದಳು.

ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಕೇಳಿದಳು, ಹಾಗೆ ಯಾಕೆ ಹೇಳಿದೆ ಎಂದು. ಅವನು ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲೂ ಇಲ್ಲ.

"ನಾನು ಇಲ್ಲಿ ಪಾಠ ಹೇಳೋನು. ನನ್ನ ಮಾತಿಗೆ ಒಂದು ಬೆಲೆ ಇದೆ. ನಿನಗೇನು ಹೋಗೋದಿದೆ ಹೇಳು."

ಅವಳಿಗೆ ಮೈಯೆಲ್ಲ ಉರಿಯಿತು. ಹೋಗುವುದು ಏನಿದೆ ಎಂದು ಕೇಳುತ್ತಾನೆ. ಇಪ್ಪತ್ತಾರು ವರ್ಷ ಊರಿನ ಮಕ್ಕಳನ್ನು ಹೊತ್ತು ಗಳಿಸಿದ ಹೆಸರು ಅವನ ಕಣ್ಣಿಗೆ ಕಾಣಿಸಿಯೇ ಇರಲಿಲ್ಲ. ಹೇಳಬೇಕೆಂದು ನಾಲ್ಕು ದಿನ ಹವಣಿಸಿದಳು. ಮೊದಲ ದಿನ ಹೇಳದ ಮಾತು ನಾಲ್ಕನೇ ದಿನಕ್ಕೆ ಜಗಳದ ಮಾತಾಗುತ್ತದೆ, ಹತ್ತನೇ ದಿನಕ್ಕೆ ನೆಪದ ಮಾತಾಗುತ್ತದೆ. ಕೊನೆಗೆ ಅದು ಗಂಟಲಲ್ಲೇ ಉಳಿಯಿತು.

ಅವನ ಕಥೆ ಮಾತ್ರ ದಿನದಿನಕ್ಕೆ ಕೊಬ್ಬಿತು. ಕ್ರಿಸ್ಮಸ್ಸಿನ ಹೊತ್ತಿಗೆ ಅವನು ಅವಳಿಗೆ ಮೂರು ಸಲ ಜ್ಞಾಪಿಸಿದ್ದನಂತೆ. ಜನವರಿಯಲ್ಲಿ ಅವಳೇ ಹಠ ಮಾಡಿ ತಾನು ಮಾಡುತ್ತೇನೆಂದು ಕಾರು ಹತ್ತಿದ್ದಳಂತೆ. ಫೆಬ್ರವರಿಗೆ ಸೋಮವಾರದ ಪಾಠವೇ ಸತ್ತ ಕಾರಿನ ಮುಂದೆ ನಡೆಯತೊಡಗಿತು. ಹೊಸಬರನ್ನು ಕರೆತಂದು ಹಸಿರು ಬಾನೆಟ್ಟಿನ ಮೇಲೆ ಬೆರಳಲ್ಲಿ ಬಡಿದು, ಒಂದು ಕ್ಷಣ ಮೈಮರೆತರೆ ಏನಾಗುತ್ತದೆ ನೋಡಿ ಎನ್ನುತ್ತಿದ್ದ. ಮೋಟಾರ್‌ಹೋಮಿನೊಳಗೆ ಐಲೀನ್ ಪಾತ್ರೆ ತೊಳೆಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾಚಿಕೆಗೆಟ್ಟವನು ಎಂದು ಸಿಂಕಿಗೆ ಹೇಳಿ ನೀರು ಬಿಡುತ್ತಿದ್ದಳು.

ಅವಳನ್ನು ನಿಜವಾಗಿ ತಿಂದುಹಾಕಿದ್ದು ಜನರ ಕನಿಕರ. ಗುರುವಾರದ ಸಂತೆಗೆ ಕಾರಿಲ್ಲದೆ ನಡೆದು ಹೊರಟರೆ ಯಾರಾದರೂ ಗಾಡಿ ನಿಲ್ಲಿಸಿ ಕೂರಿಸಿಕೊಳ್ಳುತ್ತಿದ್ದರು, ಹಿಂದಿನ ಸೀಟಿನಲ್ಲಿ. ಜಿಸೆಲ್ ವಾರಕ್ಕೊಮ್ಮೆ ಏನಾದರೂ ಬೇಯಿಸಿ ತಂದು ಕೈ ಹಿಡಿದು, ಹೇಗಿದ್ದೀಯ ಎಂದು ಕೇಳುತ್ತಿದ್ದಳು, ರೋಗಿಯನ್ನು ಕೇಳುವಂತೆ. ಆ ಅಯ್ಯೋ ಪಾಪದ ನೋಟ ಕಂಡಾಗಲೆಲ್ಲ ಐಲೀನಳಿಗೆ, ನ್ಯೂಟ್ರಲ್ ಯಾವುದು ಗೇರು ಯಾವುದು ಗೊತ್ತಿಲ್ಲದ ಮುದುಕಿ ಎಂದು ಇವರು ಆಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಬಸ್ಸು ಓಡಿಸುತ್ತಿದ್ದೆ ಎಂದು ಹೇಳಿಕೊಳ್ಳುವುದನ್ನೇ ಬಿಟ್ಟಳು. ಯಾರು ನಂಬುತ್ತಾರೆ?

ಮಾರ್ಚಿನಲ್ಲಿ ಮೆರ್ವಿನ್ ತನ್ನ ಕೈ ತಾನೇ ಮುರಿದುಕೊಂಡ. ನಾರ್ಮಾಂ ನಾಲ್ಕು ದಿನ ಸುತ್ತಾಡಿ ಬಂದು ತನ್ನ ಕಾರು ಬಿಚ್ಚುತ್ತಿದ್ದಾಗ ಒಂದು ಸರಳು ಬಿಗಿದು ಕೂತಿತ್ತು. ಗಾಡಿಯನ್ನು ಸ್ವಲ್ಪ ಮುಂದೆ ತೆಗೆದು ಸಡಿಲ ಮಾಡುತ್ತೇನೆ, ನೀನು ದೂರ ನಿಲ್ಲು ಎಂದು ನಾರ್ಮಾಂ ಎರಡು ಸಲ ಹೇಳಿದ. ಕೇಳುವ ಗಿರಾಕಿಯೇ ಇವನು? ಹೀಗಲ್ಲ ಹಾಗೆ ಎನ್ನುತ್ತ ಬಗ್ಗಿ ಸರಳು ಹಿಡಿದು ಪಿನ್ನಿಗೆ ಒದ್ದ. ಸರಳು ಚಿಮ್ಮಿ ಬಲಗೈ ಮಣಿಕಟ್ಟಿಗೆ ಬಡಿಯಿತು. ಡಾಕ್ಟರು ಮೊಣಕೈ ತನಕ ಪ್ಲಾಸ್ಟರು ಹಾಕಿ, ಆರು ವಾರ ಸ್ಟೀರಿಂಗ್ ಮುಟ್ಟಬೇಡಿ ಎಂದರು. ಪರದೇಶದಲ್ಲಿ ಅವರಿಬ್ಬರ ಆಸ್ಪತ್ರೆ ವಿಮೆ ಮುಗಿಯುವುದಕ್ಕೆ ಹದಿನೈದು ದಿನ ಉಳಿದಿತ್ತು. ಅಷ್ಟರೊಳಗೆ ಊರು ಸೇರಬೇಕು. ನಾಲ್ಕು ಸಾವಿರ ಕಿಲೋಮೀಟರಿಗೂ ಮೇಲೆ.

ಹೆಂಡತಿಯೊಬ್ಬಳನ್ನು ಬಿಟ್ಟು ಅವನು ಎಲ್ಲರನ್ನೂ ಕೇಳಿದ. ಪಾರ್ಕಿನವರಿಗೆ ಅವರವರ ಗಾಡಿ ಇತ್ತು. ಲಾ ಪೆನ್ಯೀತಾದ ಡ್ರೈವರೊಬ್ಬ ಗಡಿಯ ತನಕ ಬರುತ್ತೇನೆ ಎಂದ, ಆಚೆಗೆ ಅಮೆರಿಕದಲ್ಲಿ ಕಾಲಿಡಲು ಅವನ ಹತ್ತಿರ ವೀಸಾ ಇರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಐಲೀನ್ ಪೆರೋಗಿಗೆ, ಅಂದರೆ ಆಲೂಗಡ್ಡೆ ತುಂಬಿದ ಕಡುಬಿಗೆ, ಹಿಟ್ಟು ಲಟ್ಟಿಸುತ್ತಿದ್ದಾಗ, ದೊಡ್ಡ ಉಪಕಾರ ಮಾಡುವವನ ಹಾಗೆ ಬಂದು ಕೂತು, ನೀನೇ ಓಡಿಸಬೇಕಾಗುತ್ತದೆ, ನಾನು ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ ಎಂದ.

ಐಲೀನ್ ಹಿಟ್ಟಿನ ಕೈ ಒರೆಸಿಕೊಂಡಳು. ಐದು ತಿಂಗಳು ಗಂಟಲಲ್ಲಿದ್ದದ್ದು ಅಷ್ಟು ಸಲೀಸಾಗಿ ಹೊರಗೆ ಬಂದದ್ದು ಅವಳಿಗೇ ಆಶ್ಚರ್ಯ.

"ಓಡಿಸ್ತೀನಿ. ಮೊದಲು ಬೆಳಗಿನ ಕಾಫಿ ಹೊತ್ತಿಗೆ ಎಲ್ಲರ ಎದುರಿಗೆ ಹೇಳು, ಗೇರಲ್ಲಿ ಬಿಟ್ಟಿದ್ದು ನಾನು ಅಂತ."

ಅವನು ನಕ್ಕ. ಅವಳು ನಗಲಿಲ್ಲ. ಅಂದು ಅವನು ಸಿಟ್ಟು ಮಾಡಿದ, ಮರುದಿನ ಮುನಿಸಿಕೊಂಡ, ಅದರ ಮರುದಿನ ಕೈ ನೋಯುತ್ತದೆಂದು ನರಳಿದ. ಊರಿಗೆ ಹೋಗಿ ಮಗಳಿಗೆ ಹೇಳುತ್ತೇನೆ ಎಂದ. ನಾರ್ಮಾಂ ಒಬ್ಬನಿಗೆ ಹೇಳುತ್ತೇನೆ ಎಂದ. ಚೀಟಿಯಲ್ಲಿ ಬರೆದು ಪಾರ್ಕಿನ ಫಲಕಕ್ಕೆ ಅಂಟಿಸುತ್ತೇನೆ ಎಂದೂ ಹೇಳಿದ. ಅವಳು ಲಟ್ಟಿಸಿದ್ದೇ ಲಟ್ಟಿಸಿದ್ದು. ಒಂದು ವಾಕ್ಯ ಹೇಳುವುದಕ್ಕಿಂತ ವಿಮೆಯಿಲ್ಲದೆ ಸಾಯುವುದು ಮೇಲು ಎಂಬ ಗಂಡಸನ್ನು ಏನೆನ್ನಬೇಕು?

"ಜನ ನನ್ನ ಏನಂದ್ಕೋತಾರೆ, ಸ್ವಲ್ಪ ಯೋಚನೆ ಮಾಡು," ಎಂದ ಕೊನೆಗೆ, ಧ್ವನಿ ಇಳಿಸಿ.

"ಈಗ ನನ್ನ ಏನಂದ್ಕೊಂಡಿದಾರೋ ಅದನ್ನೇ."

ಆರನೇ ದಿನ ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ಬೆಳಗ್ಗೆ ಹತ್ತಕ್ಕೆ ಸಮುದ್ರದ ಕಡೆಯ ಗರಿಯ ಚಪ್ಪರದ ಕೆಳಗೆ ಎಲ್ಲರೂ ಕಾಫಿಗೆ ಸೇರುತ್ತಿದ್ದರು. ಅವತ್ತು ಹದಿನೈದು ಹದಿನಾರು ಜನ ಇದ್ದರು. ಐಲೀನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಳು. ಮೆರ್ವಿನ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ನೇರ ಹೇಳಿದರೆ ಅವನು ಮೆರ್ವಿನನೇ ಅಲ್ಲ. ಎಳೆಯುವ ಸರಳು ಹಿಂದಿನ ಕಾಲದಲ್ಲಿ ಹೇಗಿತ್ತು ಎಂಬಲ್ಲಿಂದ ಹಿಡಿದು, ಗಡಿಯ ಕಚೇರಿಯ ಫಲಕ ಎಷ್ಟು ಸಣ್ಣದು ಎಂಬಲ್ಲಿಗೆ ಬಂದು, ಹಾರ್ನು ಹೊಡೆದವರಿಗೆಲ್ಲ ಬೈದ. ಐಲೀನ್ ಅವನನ್ನೇ ನೋಡುತ್ತ ಕೂತಳು. ಅವನು ಕಣ್ಣು ತಪ್ಪಿಸಿ, ಕಾಫಿ ಲೋಟಕ್ಕೆ ಹೇಳಿದ.

"ಗೇರಲ್ಲಿ ಬಿಟ್ಟಿದ್ದು ಇವಳಲ್ಲ. ನಾನು."

ಐಲೀನ್ ಕಾದಳು. ಈಗ ತಲೆಗಳು ತಿರುಗುತ್ತವೆ, ಈಗ ಯಾರಾದರೂ ಹೌದೇ ಎನ್ನುತ್ತಾರೆ. ಯಾರೂ ತಿರುಗಲಿಲ್ಲ. ಒಬ್ಬರು ಸಕ್ಕರೆ ಡಬ್ಬಿ ಮುಂದೆ ತಳ್ಳಿದರು. ನಾರ್ಮಾಂ ಚಮಚ ತಿರುಗಿಸುತ್ತ ಕೂತಿದ್ದ.

"ಗೊತ್ತು ಮಾರಾಯ," ಎಂದ. "ಬಂದ ದಿನಾನೇ ಗೊತ್ತಿತ್ತು. ಅವಳನ್ನ ನೀನು ಆ ಕಾರಿನ ಹತ್ತಿರ ಯಾವತ್ತು ಬಿಟ್ಟಿದ್ದೀಯ, ಅವಳು ಗೇರಲ್ಲಿ ಬಿಡೋಕೆ? ಕೂತ್ಕೋ, ಕಾಫಿ ಆರುತ್ತೆ."

ಎರಡು ಮೂರು ಜನ ನಕ್ಕರು. ಮೆರ್ವಿನ್ ಕೂತ.

ಐಲೀನಳಿಗೆ ಸಿಟ್ಟು ನೆತ್ತಿಗೇರಿತು. ಗಂಡನ ಮೇಲಲ್ಲ, ಈ ಸಭ್ಯರ ಮೇಲೆ. ಎಲ್ಲ ಗೊತ್ತಿದ್ದೂ ಐದು ತಿಂಗಳು ಬಾಯಿ ಹೊಲಿದುಕೊಂಡು ಕೂತವರು. ಪ್ರತಿ ಸೋಮವಾರ ಅವಳ ಸತ್ತ ಕಾರಿನ ಮುಂದೆ ನಿಂತು ಆ ಸುಳ್ಳಿಗೆ ತಲೆಯಾಡಿಸಿದವರು. ಜನರ ಮುಂದೆ ಮಾತಾಡಲು ನಾಚುತ್ತಿದ್ದವಳು ಎದ್ದು ನಿಂತಳು.

"ಗೊತ್ತಿತ್ತಾ? ಮತ್ತೆ ನನ್ನ ಕಂಡಾಗಲೆಲ್ಲ ಅಯ್ಯೋ ಪಾಪ ಅಂತ ಮುಖ ಮಾಡ್ತಿದ್ರಲ್ಲ, ಅದು ಯಾತಕ್ಕೆ?"

ಅವಳು ಜಿಸೆಲ್ ಕಡೆ ತಿರುಗಿದಳು. ಜಿಸೆಲ್ ಲೋಟ ಕೆಳಗಿಟ್ಟಳು, ಗಂಡನನ್ನು ನೋಡಿದಳು, ನೆಲ ನೋಡಿದಳು. ಐಲೀನ್ ಬಿಡುವವಳ ಹಾಗೆ ಕಾಣಲಿಲ್ಲ.

"ಕಾರಿಗಲ್ಲ ಕಣಮ್ಮ," ಎಂದಳು ಜಿಸೆಲ್ ಮೆಲ್ಲಗೆ. "ಇವನ ಜೊತೆ ಬಾಳ್ತಿದ್ದೀಯಲ್ಲ, ಅದಕ್ಕೆ."

ಮೆರ್ವಿನ್ ತನ್ನ ಪ್ಲಾಸ್ಟರಿನ ಅಂಚು ಕೆರೆಯತೊಡಗಿದ. ಐಲೀನ್ ನಿಂತೇ ಇದ್ದಳು. ಐದು ತಿಂಗಳು ಅವಳು ಯಾವುದನ್ನು ವಾಪಸು ಬೇಡಲು ಇಷ್ಟು ಹೆಣಗಿದಳೋ ಆ ಹೆಸರು ಕಳೆದೇ ಹೋಗಿರಲಿಲ್ಲ. ಅವಳು ಕೆಟ್ಟ ಡ್ರೈವರು ಎಂದು ಇವರ್ಯಾರೂ ಅಂದುಕೊಂಡಿರಲೇ ಇಲ್ಲ. ಆ ಡ್ರೈವರು ನಲವತ್ತೈದು ವರ್ಷದಿಂದ ಎಲ್ಲಿ ಕೂತಿದ್ದಾಳೆ ಎಂಬುದನ್ನು ಇಡೀ ಪಾರ್ಕು ನೋಡಿತ್ತು, ಅವಳೊಬ್ಬಳು ನೋಡಿರಲಿಲ್ಲ. ಸುಳ್ಳು ಹೇಳಿದರೆ ಅಲ್ಲಗಳೆಯಬಹುದು. ಈ ನಿಜವನ್ನು ಏನು ಮಾಡುವುದು?

ಅವಳು ಖಾಲಿ ಲೋಟ ಎತ್ತಿಕೊಂಡಳು. ಗಂಡನ ಮುಂದೆ ಕೈ ಚಾಚಿದಳು.

"ಗಾಡಿ ಬೀಗದ ಕೈ ಕೊಡು. ನಾಳೆ ಬೆಳಗ್ಗೆ ಹೊರಡೋದು."

ಮೆರ್ವಿನ್ ಎಡಗೈಯಲ್ಲಿ ತಡಕಾಡಿ ಜೇಬಿನಿಂದ ತೆಗೆದು ಕೊಟ್ಟ. ಅವಳು ಹೊರಟಳು. ಅವನು ಯಾರ ಮುಖವನ್ನೂ ನೋಡದೆ ಎದ್ದು ಅವಳ ಹಿಂದೆ ನಡೆದ.